ಕಟ್ಟಿಸಿದ ಎಂಜಿನ್ನಿನ ಮೊದಲ 50 ಗಂಟೆ: ಹಳೇ ಮಾತು ಎಲ್ಲಿಂದ ಬಂತು, ಈಗ ಯಾಕೆ ನಡೆಯಲ್ಲ

ಬೇಸಿಗೆ ಅಂದ್ರೆ ನಮ್ಮ ಕಡೆ ಎಂಜಿನ್ ಬಿಚ್ಚೋ ಕಾಲ. ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆಗೆ, ಅರಕಲಗೂಡು ಕಡೆ ಹೊಗೆಸೊಪ್ಪಿನ ನಾಟಿಗೆ ಇನ್ನೂ ಒಂದೂವರೆ ತಿಂಗಳಿದೆ ಅನ್ನುವಾಗ ಹೊಗೆ ಕಾರೋ ಟ್ರಾಕ್ಟರು, ಆಯಿಲ್ ಕುಡಿಯೋ ಜೀಪು, ಮನೆ ಮುಂದೆ ನಿಂತಿರೋ ಹಳೇ ಕಾರು ಎಲ್ಲ ಶೆಡ್ಡಿಗೆ ಹೋಗ್ತವೆ. ಬೋರ್ ಆಗಿ, ಹೊಸ ಪಿಸ್ಟನ್ ರಿಂಗು ಹಾಕಿಸಿಕೊಂಡು, ಪೇಂಟ್ ಹೊಡೆಸಿಕೊಂಡು ವಾಪಸ್ ಬರ್ತವೆ. ಬಂದ ದಿನವೇ ಮನೆ ಮುಂದೆ ಎರಡು ಪಕ್ಷ. ವಯಸ್ಸಾದವರು "ರಾತ್ರಿಯೆಲ್ಲ ಸ್ಲೋನಲ್ಲಿ ಬಿಡಿ, ಬೆಳಗಾಗೋದ್ರಲ್ಲಿ ಫ್ರೀ ಆಗುತ್ತೆ, ಒಂದು ವಾರ ಕೆಲಸಕ್ಕೆ ಹಚ್ಚಬೇಡಿ" ಅಂತಾರೆ. ಹುಡುಗರು "ಮೊದಲ ದಿನವೇ ಕೆಲಸ ಕೊಡಿ, ಸುಮ್ಮನೆ ಓಡಿಸಿದ್ರೆ ಹಾಳು" ಅಂತಾರೆ. ನಡುವೆ ನಿಂತವನು ಎಂಜಿನ್ನಿಗೆ ದುಡ್ಡು ಸುರಿದ ಮನೆಯ ಯಜಮಾನ.

ನನ್ನ ಲೆಕ್ಕದಲ್ಲಿ ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಳಬರ ಮಾತು ಒಂದು ಕಾಲದ ಎಂಜಿನ್ನಿಗೆ ಪೂರಾ ಸರಿ ಇತ್ತು. ಆ ಎಂಜಿನ್ ಹೋಯ್ತು, ಮಾತು ಉಳೀತು. ಅದು ಹೇಗಾಯ್ತು ಅನ್ನೋದೇ ಈ ಸಲದ ಬರಹ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ಮೊದಲು ನಮ್ಮ ಹಳ್ಳಿಗೆ ಎಂಜಿನ್ ಹೇಗೆ ಬಂತು ನೋಡಿ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೂ ಮುಂಚೆ ಕೆರೆ ಕೆಳಗಿನ ಗದ್ದೆ ಬಿಟ್ಟರೆ ಉಳಿದದ್ದು ಬಾವಿ ನೀರು. ಏತ, ಆಮೇಲೆ ಕಪಿಲೆ, ಎತ್ತಿನ ಕುತ್ತಿಗೆ ಮೇಲೆ ಬೇಸಾಯ. ಕರೆಂಟು ಇನ್ನೂ ಬರದ ಊರುಗಳಿಗೆ ಮೊದಲು ಬಂದದ್ದು ಆಯಿಲ್ ಎಂಜಿನ್ನು. ಬಾವಿ ಹತ್ತಿರ ಒಂದು, ಊರ ಹಿಟ್ಟಿನ ಮಿಲ್ಲಿಗೆ ಒಂದು, ಆಲೆಮನೆ ಗಾಣಕ್ಕೆ ಒಂದು. ದೂರದಿಂದಲೇ ಟುಕ್ ಟುಕ್ ಅಂತ ಎಣಿಸಬಹುದಾದಷ್ಟು ನಿಧಾನವಾಗಿ ಓಡೋವು.

ಆ ನಿಧಾನದ ಎಂಜಿನ್ನುಗಳ ಮೂಲಪುರುಷ ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್. ಅವರ ಸಿ.ಎಸ್. ಅನ್ನೋ ಡೀಸೆಲ್ ಎಂಜಿನ್ 1930ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಒಂದೇ ಸಿಲಿಂಡರು, ನಾಲ್ಕೂವರೆ ಇಂಚು ಬೋರು, ಐದೂವರೆ ಇಂಚು ಸ್ಟ್ರೋಕು, ನಿಮಿಷಕ್ಕೆ 600 ಸುತ್ತು, 5 ಎಚ್.ಪಿ. ಆಮೇಲೆ 650 ಸುತ್ತಿಗೆ 6 ಎಚ್.ಪಿ. ಮಾಡಿದರು. ಎರಡು ಕಡೆ ಎರಡು ಭಾರೀ ಫ್ಲೈವೀಲು. ಗುಜರಾತಿನ ರಾಜಕೋಟೆಯವರು ಅದನ್ನೇ ನೋಡಿ ನೋಡಿ ಎರಕ ಹೊಯ್ದು ದೇಶದ ಹಳ್ಳಿಗಳಿಗೆಲ್ಲ ತುಂಬಿಸಿದರು.

ಈ ಎಂಜಿನ್ನಿನ ಹೊಟ್ಟೆ ಒಳಗೆ ಏನಿತ್ತು ಅನ್ನೋದು ನಮ್ಮ ಜಗಳಕ್ಕೆ ಮುಖ್ಯ. ಆಯಿಲನ್ನು ಒತ್ತಡದಲ್ಲಿ ಬೇರಿಂಗಿಗೆ ನುಗ್ಗಿಸೋ ಏರ್ಪಾಡು ಇರಲಿಲ್ಲ. ಕನೆಕ್ಟಿಂಗ್ ರಾಡಿನ ಕೆಳಗೆ ಒಂದು ಸೌಟಿನಂಥದ್ದು ಇತ್ತು, ಪ್ರತಿ ಸುತ್ತಿಗೂ ಆಯಿಲಿಗೆ ಅದ್ದಿ ಎರಚೋದು. ರಾಡಿನ ದೊಡ್ಡ ತಲೆಯಲ್ಲಿ ವೈಟ್ ಮೆಟಲ್. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ತಗೊಂಡ ಕಾಲದಿಂದ ರೈಲು, ಹಡಗು, ಮಿಲ್ಲು ಎಲ್ಲ ಕಡೆ ಓಡಿದ ತವರದ ಮಿಶ್ರಲೋಹ ಅದು, ಮೆತ್ತಗಿರುತ್ತೆ. ಸವೆದರೆ ಕರಗಿಸಿ ಹೊಸದಾಗಿ ಹೊಯ್ಯೋದು, ಕ್ರ್ಯಾಂಕಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸೋದು, ಬಣ್ಣ ಅಂಟಿದ ಉಬ್ಬನ್ನು ಕೈಯಲ್ಲಿ ಕೆರೆಯೋದು, ಮತ್ತೆ ಕೂರಿಸಿ ನೋಡೋದು. ಎಂಥಾ ಕೈ ಇದ್ದರೂ ಕೊನೆಗೆ ಅಲ್ಲಲ್ಲಿ ಸಣ್ಣ ಉಬ್ಬು ಉಳಿಯೋದೇ. ಅದನ್ನು ಮಟ್ಟ ಮಾಡೋ ಕೊನೇ ಕೆಲಸ ಎಂಜಿನ್ನಿನದೇ. ಭಾರ ಕೊಟ್ಟು ಓಡಿಸಿದ್ರೆ ಆ ಉಬ್ಬು ಬಿಸಿಯಾಗಿ ಕರಗಿ ಹರಿಯೋದು. ಸ್ಲೋನಲ್ಲಿ ಗಂಟೆಗಟ್ಟಲೆ ಓಡಿಸಿದ್ರೆ ಮೆಲ್ಲಗೆ ತಿಕ್ಕಿ ಕೂತ್ಕೊಳ್ಳೋದು.

ಇದು ಹಳ್ಳಿ ಮಿಸ್ತ್ರಿಗಳ ಕಸುಬು ಮಾತ್ರ ಅಂದ್ಕೋಬೇಡಿ. 1908ರಲ್ಲಿ ಶುರುವಾದ ಫೋರ್ಡಿನ ಮಾಡೆಲ್ ಟಿ ಕಾರಿನ ಎಂಜಿನ್ನಿಗೂ ಇದೇ ಕಥೆ. ವೈಟ್ ಮೆಟಲ್ ಬೇರಿಂಗ್ ಬಿಗಿಯಾಗಿ ಕಟ್ಟಿ, ಹೊರಗಿನಿಂದ ಮೋಟಾರು ಹಚ್ಚಿ ಎಂಜಿನ್ ತಿರುಗಿಸಿ ಬೇರಿಂಗ್ ಕೂರಿಸ್ತಿದ್ದರು. ನಮ್ಮ ಕಡೆ ಕಟ್ಟಿಸಿದ ಟ್ರಾಕ್ಟರನ್ನು ಇನ್ನೊಂದು ಟ್ರಾಕ್ಟರಿಗೆ ಕಟ್ಟಿ ಹೊಲದ ಸುತ್ತ ಎಳೆಸ್ತಾರಲ್ಲ, ಅದು ಈ ಪದ್ಧತಿಯ ಮೊಮ್ಮಗ. "ಎಂಜಿನ್ ಎಷ್ಟು ಬಿಗಿ ಇದೆ ನೋಡಿ, ಕೆಲಸ ಅಂದ್ರೆ ಇದು" ಅಂತ ಹೆಮ್ಮೆ ಪಡೋದೂ ಆ ಕಾಲದ್ದೇ. ಆಗ ಬಿಗಿ ಅಂದ್ರೆ ಒಳ್ಳೇ ಕೆಲಸ. ಈಗ ಬಿಗಿ ಅಂದ್ರೆ ಎಲ್ಲೋ ಅಳತೆ ತಪ್ಪಿದೆ ಅಂತ ಅರ್ಥ.

ಕಾರಿನವರಿಗೂ ಇದೇ ಪಾಠ. ಇಂಗ್ಲೆಂಡಿನಲ್ಲಿ ಹೊಸ ಕಾರು ಅಥವಾ ಬೋರ್ ಮಾಡಿಸಿದ ಕಾರಿನ ಹಿಂದಿನ ಗಾಜಿಗೆ "ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ" ಅಂತ ಚೀಟಿ ಅಂಟಿಸಿಕೊಂಡು ಮೆಲ್ಲಗೆ ಹೋಗ್ತಿದ್ದರು. ನಮ್ಮಲ್ಲಿ 1957ರಿಂದ ಬಂದ ಅಂಬಾಸಿಡರು ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಗುವೇ ಆದ್ದರಿಂದ ಆ ಮಡಿ ಅದರ ಜೊತೆಗೇ ಬಂತು.

ಈಗ ನಮ್ಮ ನಾಡಿನ ಪಾಲು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, ಆಮೇಲೆ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಮನುಷ್ಯ. ಅದೇ ಮನೆತನದ ಎರಡು ಕಾರ್ಖಾನೆ ನಮ್ಮ ಕಥೆಗೆ ಬೇಕು. ಒಂದು, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಅಲ್ಲಿ ಆಗಿದ್ದು ಲೇತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಆದರೆ ಹರಿಹರದ ಲೇತು ಇನ್ನೂ ಹಲವು ಶೆಡ್ಡುಗಳಲ್ಲಿ ತಿರುಗ್ತಾ ಇದೆ. ಇನ್ನೊಂದು, 1946ರಲ್ಲಿ ಪುಣೆಯಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಅವರ ಎ.ವಿ.1 ಎಂಜಿನ್ನು ನಿಮ್ಮಲ್ಲಿ ಎಷ್ಟೋ ಜನರ ಬಾವಿ ಹತ್ತಿರ ಇತ್ತು. 80 ಮಿ.ಮೀ. ಬೋರು, 110 ಮಿ.ಮೀ. ಸ್ಟ್ರೋಕು, ಅದೂ 5 ಎಚ್.ಪಿ.ಯೇ, ಆದರೆ 1500 ಸುತ್ತಿನಲ್ಲಿ. ಲಿಸ್ಟರಿನ ಪಕ್ಕ ಇಟ್ಟರೆ ಮರಿ ಥರ ಕಾಣುತ್ತೆ, ಕೆಲಸ ಅಷ್ಟೇ ಮಾಡುತ್ತೆ. ಸುತ್ತು ಎರಡೂವರೆ ಪಟ್ಟು ಆದಾಗ ಒಳಗಿನ ಲೆಕ್ಕವೆಲ್ಲ ಬದಲಾಗಲೇಬೇಕು.

ಬದಲಾಗೋಕೆ ಬೇಕಾದ ಸಾಮಾನೂ ಅದೇ ಹೊತ್ತಿಗೆ ದೇಶದಲ್ಲೇ ಸಿಗೋಕೆ ಶುರುವಾಯ್ತು. 1949ರಲ್ಲಿ ಮದರಾಸಿನಲ್ಲಿ ಇಂಡಿಯಾ ಪಿಸ್ಟನ್ಸ್. 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ, ಅಂದ್ರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ; ಆಡುಗೋಡಿಯ ಕಾರ್ಖಾನೆಯ ಪಂಪು, ನಾಜಲ್ಲು ಇಲ್ಲದ ಡೀಸೆಲ್ ಎಂಜಿನ್ನು ನಾನು ಚಿಕ್ಕವನಿದ್ದಾಗ ನೋಡಿದ ನೆನಪಿಲ್ಲ. ಗೋಟ್ಜೆ ಕಂಪನಿಯ ರಿಂಗು ಯಲಹಂಕದಲ್ಲೇ ಆಗೋಕೆ ಶುರುವಾಯ್ತು. 50ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಮಾಡ್ತು. 1960ರಲ್ಲಿ ಟಾಫೆ ಬಂದು ಮ್ಯಾಸಿ ಟ್ರಾಕ್ಟರಿಗೆ ಆ ಸಿಂಪ್ಸನ್ ಎಂಜಿನ್ನೇ ಕೂತಿತು. ಮಹೀಂದ್ರದವರು ಬಿ-275 ಟ್ರಾಕ್ಟರು ತಂದು, ಮುಂದೆ ಟ್ರಾಕ್ಟರ್ ಕುಲದ ಡೀಸೆಲನ್ನೇ ಜೀಪಿಗೂ ಹಾಕಿದರು. ಅದಕ್ಕೇ ನಮ್ಮ ಕಡೆ ಟ್ರಾಕ್ಟರ್ ಕಟ್ಟೋನೇ ಜೀಪೂ ಕಟ್ಟೋದು, ಕಾರೂ ಕಟ್ಟೋದು. ಮೂರಕ್ಕೂ ಒಂದೇ ಉಪದೇಶ ಸಿಗೋದೂ ಅದಕ್ಕೇ.

ಈ ಹೊಸ ಎಂಜಿನ್ನುಗಳಲ್ಲಿ ಎರಡು ವಿಷಯ ಪೂರ್ತಿ ಬದಲಾಗಿತ್ತು. ಒಂದು ಬೇರಿಂಗು. 30ರ ದಶಕದಿಂದ ಹೊಯ್ದು ಕೆರೆಯೋ ಬೇರಿಂಗ್ ಬಿಟ್ಟು ತೆಳ್ಳನೆ ಶೆಲ್ ಬಂತು. ಕಾರ್ಖಾನೆಯಲ್ಲೇ ಅಳತೆಗೆ ಸರಿಯಾಗಿ ಆಗಿರುತ್ತೆ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಆ ಸೈಜಿನ ಶೆಲ್ ಹಾಕಿ, ಹೇಳಿದ ಟಾರ್ಕಿಗೆ ಬೋಲ್ಟ್ ಬಿಗಿ ಮಾಡಿದ್ರೆ ಕೆಲಸ ಮುಗೀತು. ಶೆಲ್ಲಿಗೂ ಕ್ರ್ಯಾಂಕಿಗೂ ನಡುವೆ ಪಂಪಿನ ಒತ್ತಡದಲ್ಲಿ ಬಂದ ಆಯಿಲ್ ಪೊರೆ ಇರುತ್ತೆ. ಅಲ್ಲಿ ತಿಕ್ಕಿ ಕೂರಿಸೋದಕ್ಕೆ ಏನೂ ಇಲ್ಲ. ಮೊದಲ ಸೆಕೆಂಡಿನಿಂದ ಆಯಿಲ್ ಇರಬೇಕು, ಅಷ್ಟೇ.

ಎರಡನೇದು ಬೋರು ಮತ್ತು ರಿಂಗು. ಜನ ಹೆಚ್ಚಾಗಿ ತಪ್ಪಾಗಿ ತಿಳ್ಕೊಂಡಿರೋದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ. ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲು ಆಡಿಸ್ತಾರೆ. ಸಿಲಿಂಡರ್ ಒಳಗೆ ಬೆಳಕು ಬಿಟ್ಟು ನೋಡಿದ್ರೆ ಚಾಪೆ ಹೆಣೆದ ಹಾಗೆ ಅಡ್ಡಡ್ಡ ಗೀರು ಕಾಣುತ್ತೆ. ಅದು ಒರಟು ಕೆಲಸ ಅಲ್ಲ, ಬೇಕು ಅಂತಲೇ ಹಾಕಿದ ಗೀರು. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತೆ, ಗೀರಿನ ಚೂಪು ಏಣು ಅರ ಹಾಕಿದ ಹಾಗೆ ಹೊಸ ರಿಂಗಿನ ಮುಖವನ್ನು ಬೋರಿನ ಆಕಾರಕ್ಕೆ ತಿಕ್ಕುತ್ತೆ. ರಿಂಗು ಪೂರಾ ಸುತ್ತ ಬೋರಿಗೆ ಅಂಟೋವರೆಗೆ ಈ ತಿಕ್ಕಾಟ ನಡೀಬೇಕು. ಅಷ್ಟರಲ್ಲಿ ಏಣುಗಳೂ ಸವೆದು ನಯವಾಗಿರ್ತವೆ. ಅಂದ್ರೆ ಈ ಅರ ಇರೋದು ಕೆಲವೇ ಗಂಟೆ. ಒಂದೇ ಸಲದ ಅವಕಾಶ.

ರಿಂಗನ್ನು ಬೋರಿಗೆ ಒತ್ತೋದು ಯಾವುದು? ರಿಂಗಿನ ಸ್ವಂತ ಸ್ಪ್ರಿಂಗು ಸ್ವಲ್ಪ ಒತ್ತುತ್ತೆ, ನಿಜ. ಆದರೆ ಜೋರಾಗಿ ಒತ್ತೋದು ಉರಿದ ಗ್ಯಾಸು. ಪಿಸ್ಟನ್ ಮೇಲಿನ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತೆ. ಕೆಲಸ ಕೊಟ್ಟಷ್ಟೂ ಒತ್ತಡ ಜಾಸ್ತಿ. ಸ್ಲೋನಲ್ಲಿ ಸುಮ್ಮನೆ ಓಡಿಸಿದ್ರೆ ಆ ಒತ್ತಡ ಇಲ್ಲ, ರಿಂಗು ಸುಮ್ಮನೆ ಜಾರ್ತಾ ಇರುತ್ತೆ. ಜೊತೆಗೆ ಎಂಜಿನ್ ಪೂರಾ ಬಿಸಿಯಾಗಲ್ಲ, ಡೀಸೆಲ್ ಪೂರಾ ಉರಿಯಲ್ಲ. ಉರಿಯದ ಡೀಸೆಲು, ರಿಂಗು ದಾಟಿ ಬಂದ ಆಯಿಲು ಎರಡೂ ಬೋರಿನ ಮೇಲೆ ಬೆಂದು, ದೋಸೆ ಹಂಚಿನ ಮೇಲೆ ಎಣ್ಣೆ ಗಟ್ಟಿಯಾಗಿ ಕೂರುತ್ತಲ್ಲ ಹಾಗೆ, ಗಾಜಿನಂಥ ಪದರ ಆಗ್ತವೆ. ಗೀರೆಲ್ಲ ಮುಚ್ಚಿ ಹೋಗುತ್ತೆ. ಇದಕ್ಕೇ ಗ್ಲೇಜ್ ಅನ್ನೋದು. ಆಮೇಲೆ ಎಷ್ಟು ಕೆಲಸ ಕೊಟ್ಟರೂ ರಿಂಗು ಕೂರಲ್ಲ. ಬ್ರೀದರಿನಲ್ಲಿ ಹೊಗೆ, ಬ್ಯಾಕ್ ಕಂಪ್ರೆಷನ್, ಆಯಿಲ್ ಕುಡಿಯೋದು. ಹೊಸ ರಿಂಗು ಹಾಕಿಸಿಯೂ ಹಳೇ ರೋಗವೇ. ಆಗ ಮಿಸ್ತ್ರಿ ಸಾಮಾನು ಡೂಪ್ಲಿಕೇಟು ಅಂತಾನೆ, ಅಂಗಡಿಯವನು ಮಿಸ್ತ್ರಿ ಸರಿಯಿಲ್ಲ ಅಂತಾನೆ. ಸಾಮಾನೂ ಸರಿ ಇದ್ದು, ಕೆಲಸವೂ ಸರಿ ಇದ್ದು, ರಾತ್ರಿಯೆಲ್ಲ ಸ್ಲೋನಲ್ಲಿ ಓಡಿಸಿದ್ದಕ್ಕೇ ಹಾಳಾದ ಎಂಜಿನ್ನು ನಮ್ಮ ನಾಲ್ಕು ತಾಲೂಕಿನಲ್ಲಿ ಕಮ್ಮಿ ಇಲ್ಲ ಅಂತ ನನ್ನ ಅನಿಸಿಕೆ.

ಹಾಗಾದ್ರೆ ಹಳೇ ಕಾಲದಲ್ಲಿ ಹಾಗೆ ಓಡಿಸಿಯೂ ರಿಂಗು ಹೇಗೆ ಕೂರೋವು? ನನಗೆ ಕಾಣೋ ಒಂದು ಕಾರಣ ಅವರು ಹಚ್ತಿದ್ದ ಕೆಲಸ. ಆವತ್ತಿನ ಎಂಜಿನ್ ಸ್ಲೋನಲ್ಲಿ ಬೇರಿಂಗ್ ಕೂರಿಸಿಕೊಂಡ ಮೇಲೆ ನೇರ ಹೋಗ್ತಿದ್ದದ್ದು ಮಿಲ್ಲಿಗೆ, ಬಾವಿಗೆ, ಆಲೆಮನೆಗೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ಆಲೆಮನೆ ನೋಡಿದವರಿಗೆ ಗೊತ್ತು. ಗಾಣಕ್ಕೆ ಕಬ್ಬು ಕೊಟ್ಟಾಗ ಎಂಜಿನ್ನು ಹೂಂಕರಿಸುತ್ತೆ, ಕಬ್ಬು ದಾಟಿದಾಗ ಹಗುರ ಆಗುತ್ತೆ, ಮತ್ತೆ ಕೊಟ್ಟಾಗ ಭಾರ. ಹೀಗೆ ಏರಿ ಇಳಿಯೋ ಭಾರಕ್ಕಿಂತ ರಿಂಗಿಗೆ ಒಳ್ಳೇ ಪಾಠಶಾಲೆ ಇಲ್ಲ. ಈಗಿನ ಕಂಪನಿ ಪುಸ್ತಕಗಳು ರನ್ನಿಂಗ್ ಇನ್‌ನಲ್ಲಿ ಒಂದೇ ಸ್ಪೀಡಿನಲ್ಲಿ ಬಹಳ ಹೊತ್ತು ಓಡಿಸಬೇಡಿ, ಏರಿಸಿ ಇಳಿಸಿ ಓಡಿಸಿ ಅನ್ನೋದೂ ಅದನ್ನೇ. ಹಳಬರು ಮಾಡಿದ್ದರಲ್ಲಿ ಅರ್ಧ ಮಾತ್ರ ನಮಗೆ ಮಾತಾಗಿ ಉಳೀತು, ಗಾಣದ ಅರ್ಧ ಮರೆತು ಹೋಯ್ತು.

ಇನ್ನು ಮೊದಲ ಸ್ಟಾರ್ಟ್. ಇಲ್ಲಿ ಅವಸರ ಬೇಡವೇ ಬೇಡ. ಸ್ಟಾರ್ಟ್ ಮಾಡೋಕೆ ಮುಂಚೆ ಎಂಜಿನ್ ಕೈಯಲ್ಲಿ ತಿರುಗಬೇಕು. ಹ್ಯಾಂಡಲ್ಲಿಗೋ, ಪುಲ್ಲಿ ಬೋಲ್ಟಿಗೆ ಉದ್ದ ಪಾನಾ ಹಾಕಿಯೋ ಎರಡು ಪೂರಾ ಸುತ್ತು ತಿರುಗಿಸಿ ನೋಡಿ. ಒಂದೇ ಸಮ ಬಿಗಿ ಇದ್ರೆ ಹೊಸ ರಿಂಗಿನದು, ಪರವಾಗಿಲ್ಲ. ಒಂದು ಜಾಗದಲ್ಲಿ ಮಾತ್ರ ಕಚ್ಚಿದ್ರೆ, ಇಲ್ಲಾ ತಿರುಗೋದೇ ಇಲ್ಲ ಅಂದ್ರೆ ಎಳೆಸೋಕೆ ಹೋಗಬೇಡಿ, ಬಿಚ್ಚಿಸಿ. ಶೆಲ್ ಕಾಲದ ಎಂಜಿನ್ನಿನಲ್ಲಿ ಎಳೆಸಿ ಫ್ರೀ ಮಾಡೋದು ಅಂದ್ರೆ ಶೆಲ್ ಕೆರೆಸೋದು ಅಂತಲೇ.

ಆಮೇಲೆ ಆಯಿಲು. ಒಣಗಿದ ಗ್ಯಾಲರಿ, ಖಾಲಿ ಫಿಲ್ಟರು ಇರುತ್ತೆ. ಫಿಲ್ಟರಿಗೆ ಆಯಿಲ್ ತುಂಬಿ ಹಾಕೋಕೆ ಆಗೋ ಹಾಗಿದ್ರೆ ತುಂಬಿ ಹಾಕಿ. ಟರ್ಬೊ ಇದ್ರೆ ಅದರ ಆಯಿಲ್ ದಾರಿಗೂ ಒಂದಿಷ್ಟು ಬಿಡಿ. ಸ್ಟಾಪ್ ನಾಬ್ ಎಳೆದು ಹಿಡಿದುಕೊಂಡು ಹತ್ತು ಹದಿನೈದು ಸೆಕೆಂಡು ಸೆಲ್ಫ್ ಹೊಡೆಯಿರಿ, ಮೋಟಾರು ಆರೋಕೆ ಬಿಡಿ, ಮತ್ತೆ ಹೊಡೆಯಿರಿ. ಆಯಿಲ್ ಗೇಜು ಅಲ್ಲಾಡೋವರೆಗೆ ಇಷ್ಟೇ ಕೆಲಸ. ಗೇಜು ಎದ್ದ ಮೇಲೆ ನಾಬ್ ಬಿಡಿ. ಪೆಟ್ರೋಲ್ ಕಾರಾದ್ರೆ ಪ್ಲಗ್ಗು ಬಿಚ್ಚಿ, ಕರೆಂಟೂ ಪೆಟ್ರೋಲೂ ಕಟ್ ಮಾಡಿ ಇದೇ ಥರ. ಡೀಸೆಲ್ ಲೈನಿನ ಏರ್ ಮೊದಲೇ ಪೂರಾ ತೆಗೆದಿರಿ. ಇಲ್ದಿದ್ರೆ ಆಯಿಲ್ ಬಂದ ಮೇಲೂ ಸ್ಟಾರ್ಟ್ ಆಗದೆ ಸೆಲ್ಫ್ ಹೊಡೆದೂ ಹೊಡೆದೂ ಬೋರಿನ ಆಯಿಲನ್ನು ಡೀಸೆಲ್ಲು ತೊಳೆದುಬಿಡುತ್ತೆ. ಒಂದು ದಪ್ಪ ಹಲಗೆ ಏರ್ ಕ್ಲೀನರ್ ಪೈಪಿನ ಹತ್ತಿರ ಇಟ್ಟುಕೊಂಡಿರಿ. ಪಂಪ್ ರ‍್ಯಾಕು ಸಿಕ್ಕಿಕೊಂಡು ಎಂಜಿನ್ ಕೈ ಮೀರಿ ರೇಸ್ ಆದ್ರೆ ಗಾಳಿ ಮುಚ್ಚೋದೊಂದೇ ದಾರಿ. ಬರಿ ಕೈ ಇಡೋಕೆ ಹೋಗಬೇಡಿ, ಎಳೆದುಕೊಳ್ಳುತ್ತೆ.

ಸ್ಟಾರ್ಟ್ ಆದ ಕೂಡಲೇ ಸ್ಲೋಗೆ ಬಿಡಬೇಡಿ, ರೊಂಯ್ ಅಂತ ರೇಸೂ ಕೊಡಬೇಡಿ. ಕೈ ಆಕ್ಸಿಲೇಟರ್ ಎಳೆದು 1200–1500ರ ಹತ್ತಿರ ನಿಲ್ಲಿಸಿ. ಅಂಬಾಸಿಡರಿನಂಥ ಪುಶ್ ರಾಡ್ ಎಂಜಿನ್ನಿಗೆ ಹೊಸ ಕ್ಯಾಮು, ಹೊಸ ಟ್ಯಾಪೆಟ್ಟು ಹಾಕಿಸಿದ್ರೆ ಇನ್ನೂ ಸ್ವಲ್ಪ ಮೇಲೆ, 2000ದ ಸುತ್ತಮುತ್ತ ಇಪ್ಪತ್ತು ನಿಮಿಷ. ಕ್ಯಾಮಿಗೆ ಆಯಿಲ್ ಹೋಗೋದು ಹೆಚ್ಚಾಗಿ ಕ್ರ್ಯಾಂಕು ಎರಚಿದ್ದರಿಂದ, ಸ್ಲೋನಲ್ಲಿ ಎರಚೋದು ಕಮ್ಮಿ, ಹೊಸ ಕ್ಯಾಮು ತಿಂದು ಹೋಗೋದು ಆವಾಗಲೇ. ಆ ಹೊತ್ತಿನಲ್ಲಿ ಕಣ್ಣು ಆಯಿಲ್ ಗೇಜಿನ ಮೇಲೆ, ನೀರಿನ ಬಿಸಿ ಮೇಲೆ, ಕೆಳಗೆ ಲೀಕಿನ ಮೇಲೆ. ಹೊಸ ಪೇಂಟು, ಗ್ರೀಸು ಬೆಂದು ಹೊಗೆ ಬರುತ್ತೆ, ಹೆದರಬೇಡಿ. ಗೇಜು ಬಿದ್ರೆ, ಲೋಹ ಕುಟ್ಟಿದ ಸದ್ದು ಬಂದ್ರೆ ಆ ಕ್ಷಣವೇ ಆಫ್.

ನೀರು ಬಿಸಿಯಾಯ್ತು, ಲೀಕಿಲ್ಲ ಅಂದ ಮೇಲೆ ಗೇಟಿನಿಂದ ಆಚೆ ಹೊರಡಿ. ಟ್ರಾಕ್ಟರಾದ್ರೆ ಅರ್ಧ ಟ್ರೈಲರ್ ಗೊಬ್ಬರ, ಒಣ ಹೊಲದಲ್ಲಿ ಕಲ್ಟಿವೇಟರು. ಶಕ್ತಿಯಲ್ಲಿ ಅರ್ಧದಿಂದ ಮುಕ್ಕಾಲು ಭಾಗ, ಏರಿಸಿ ಇಳಿಸಿ. ಕಬ್ಬಿನ ಪೂರಾ ಲೋಡು ಕಟ್ಟಿ ಕಾರ್ಖಾನೆಗೆ ಹೊರಡೋದು ಈ 50 ಗಂಟೆಯಲ್ಲಿ ಬೇಡ. ದೊಡ್ಡ ಗೇರಿನಲ್ಲಿ ಎಂಜಿನ್ ತಿಣುಕೋ ಹಾಗೆ ಎಳೆಸೋದಂತೂ ಬೇಡವೇ ಬೇಡ. ಮರದ ಕೆಳಗೆ ಸ್ಟಾರ್ಟಿನಲ್ಲೇ ಬಿಟ್ಟು ಊಟಕ್ಕೆ ಕೂರೋದೂ ಬೇಡ. ಕಾರಾದ್ರೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಿ.ಎಂ. ರೋಡಿನಲ್ಲಿ ಒಂದೇ ಸ್ಪೀಡಿನಲ್ಲಿ ಹೋಗೋದಕ್ಕಿಂತ ಹೊಳೆನರಸೀಪುರದ ಮೇಲೆ ಹಳ್ಳಿ ಏರಿಳಿತದ ರಸ್ತೆಯಲ್ಲಿ, ಗೇರು ಬದಲಿಸ್ತಾ ಹೋಗಿ ಬರೋದು ಒಳ್ಳೇದು. ಏರಿನಲ್ಲಿ ಆಕ್ಸಿಲೇಟರ್ ಕೊಡಿ, ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಬನ್ನಿ.

ಆಯಿಲ್ ವಿಷಯಕ್ಕೂ ಒಂದು ಚರಿತ್ರೆ ಇದೆ. 30ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಡೀಸೆಲ್ಲುಗಳಲ್ಲಿ ಮಸಿ ಕಟ್ಟಿ ರಿಂಗು ಗಾಡಿಯಲ್ಲೇ ಅಂಟಿಕೊಳ್ಳೋ ಕಾಟ ಇತ್ತು. ಅದಕ್ಕೆ ಮಸಿ ತೊಳೆಯೋ ಔಷಧ ಬೆರೆಸಿದ ಆಯಿಲ್ ಕಂಡುಹಿಡಿದರು. ಇವತ್ತಿನ ಡೀಸೆಲ್ ಆಯಿಲೆಲ್ಲ ಅದರ ಸಂತಾನ. ಅದಕ್ಕೇ ಕಟ್ಟಿಸಿದ ಎಂಜಿನ್ನಿಗೆ ಕಂಪನಿ ಹೇಳಿದ ದರ್ಜೆಯ ಸಾಧಾರಣ ಮಿನರಲ್ ಡೀಸೆಲ್ ಆಯಿಲ್ ಸಾಕು. ದುಬಾರಿ ಸಿಂಥೆಟಿಕ್ಕು ಮೊದಲ ಸಲ ಬೇಡ, ರಿಂಗು ಕೂತ ಮೇಲೆ ಹಾಕಿಕೊಳ್ಳಿ. ರಿಂಗಿನ ಮುಖ, ಬೋರಿನ ಏಣು ತಿಕ್ಕಿದ ಪುಡಿಯೆಲ್ಲ ಆಯಿಲಿಗೇ ಬರುತ್ತೆ. ಹೊಸ ಟ್ರಾಕ್ಟರಿಗೆ 50 ಗಂಟೆಗೆ ಮೊದಲ ಸರ್ವೀಸ್ ಇಟ್ಟಿರೋದು ಅದಕ್ಕೇ. ಶೆಡ್ಡಿನಲ್ಲಿ ಕಟ್ಟಿದ್ದಾದ್ರೆ ಕಾರ್ಖಾನೆಯಷ್ಟು ತೊಳೆದಿರಲ್ಲ, ಹೋನಿಂಗ್ ಕಲ್ಲಿನ ಪುಡಿಯೂ ಉಳಿದಿರುತ್ತೆ. ಹಾಗಾಗಿ ನಾನಾದ್ರೆ ಹತ್ತು ಹದಿನೈದು ಗಂಟೆಗೇ ಒಂದು ಸಲ ಆಯಿಲು, ಫಿಲ್ಟರು ಬದಲಿಸಿ, 50ಕ್ಕೆ ಇನ್ನೊಂದು ಸಲ ಬದಲಿಸ್ತೀನಿ. ಸೋಸಿದ ಆಯಿಲಿಗೆ ಮ್ಯಾಗ್ನೆಟ್ ಆಡಿಸಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಬಂದ್ರೆ ಸಹಜ, ಚಕ್ಕೆ ಬಂದ್ರೆ ಮಿಸ್ತ್ರಿಗೆ ಫೋನ್ ಮಾಡಿ.

ಹಳೇ ಮ್ಯಾಸಿ, ಹಳೇ ಜೀಪುಗಳಿಗೆ ಹೆಡ್ಡು ಮತ್ತೆ ಟಾರ್ಕ್ ಮಾಡಿಸಿ ಟ್ಯಾಪೆಟ್ ಇಡಿಸೋದನ್ನ ಆ ಮೊದಲ ಆಯಿಲ್ ಬದಲಿಸೋ ದಿನವೇ ಮುಗಿಸಿಕೊಳ್ಳಿ. ಈಗಿನ ಉಕ್ಕಿನ ಪದರದ ಗ್ಯಾಸ್ಕೆಟ್ ಇರೋ ಕಾರುಗಳಿಗೆ ಅದು ಬೇಡ, ಮುಟ್ಟಬಾರದು ಕೂಡ.

ಇಷ್ಟೆಲ್ಲ ಓದಿ ಯಾರಾದ್ರೂ ಹಿತ್ತಲಲ್ಲಿ ಇನ್ನೂ ಇಟ್ಟುಕೊಂಡಿರೋ ಲಿಸ್ಟರಿಗೆ, ರಾಜಕೋಟೆ ಎಂಜಿನ್ನಿಗೆ ಹೊಸದಾಗಿ ವೈಟ್ ಮೆಟಲ್ ಹೊಯ್ಸಿದ್ರೆ ಅದಕ್ಕೆ ಈ ನಿಯಮ ಹಚ್ಚೋಕೆ ಹೋಗಬೇಡಿ. ಅದಕ್ಕೆ ತಾತನ ಮಾತೇ ಸರಿ. ಅರ್ಧ ಗಂಟೆ ಸ್ಲೋನಲ್ಲಿ ಓಡಿಸಿ, ನಿಲ್ಲಿಸಿ, ಕ್ರ್ಯಾಂಕ್‌ಕೇಸ್ ಬಾಗಿಲು ತೆಗೆದು ರಾಡಿನ ತಲೆ ಮುಟ್ಟಿ ನೋಡಿ. ಕೈ ಇಡೋಕೆ ಆಗುತ್ತೆ ಅಂದ್ರೆ ಬಾಗಿಲು ಮುಚ್ಚಿ ಮತ್ತೆ ಓಡಿಸಿ.